ನಮ್ಮ ನೆಗೆಣ್ಣಿಗೆ ಸಿಟ್ಟು ಬಂದಿಲ್ಲ

ಗವಿಮಠದ ಜಾತ್ರಿ ಹತ್ತಿರ ಬಂತಂದ್ರ ಕೊಪ್ಪಳ ಸುತ್ತಮುತ್ತ ಯಾವ ಓಣಿಗೆ ಹೋದ್ರೂ ರೊಟ್ಟಿ ಬಡಿಯೋ ಸಪ್ಪಳ. ಮಹಾದಾಸೋಹಕ್ಕ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಹೋಗ್ತಾವ, ನಿಮಗೆಲ್ಲಾ ಗೊತ್ತಿದ್ದದ್ದ. ಈ ವರ್ಷನೂ ನಮ್ಮ ಓಣಿ ಎಂಟು ಹತ್ತು ಹೆಣ್ಮಕ್ಕಳು ನಮ್ಮ ಹಿತ್ತಲದಾಗ ಮೂರು ಒಲಿ ಹೂಡಿ ಕುಂತಿದ್ವಿ. ಕೈ ಒಂದು ಕಡಿ, ಬಾಯಿ ಒಂದು ಕಡಿ. ಯಾರ ಮಗಳಿಗೆ ವರ ಗೊತ್ತಾತು, ಯಾರು ಹೊಸಾ ಫ್ರಿಜ್ ತಂದ್ರು, ಯಾರ ಸೊಸಿ ತವರಿಗೆ ಹೋದಾಕಿ ಇನ್ನೂ ಬಂದಿಲ್ಲ, ಎಲ್ಲಾ ಬಂದು ಹೋತು. ನಮ್ಮ ನೆಗೆಣ್ಣಿ ಮಾತ್ರ ಮೂಲಿ ಒಲಿ ಮುಂದ ಕುಂತು ಸುಮ್ನ ರೊಟ್ಟಿ ಬೇಯಿಸಾಕತ್ತಿದ್ಲು. ಆಗ ಹೊಸದಾಗಿ ಓಣಿಗೆ ಬಂದ ಒಬ್ಬಾಕಿ ನನ್ನ ಕಿವ್ಯಾಗ ಕೇಳಿದ್ಲು: "ಅಕ್ಕಾರ, ನಿಮ್ಮ ನೆಗೆಣ್ಣಿಗೆ ಯಾರ ಮ್ಯಾಲರ ಸಿಟ್ಟು ಬಂದೈತೇನ್ರೀ?"

ಈ ಪ್ರಶ್ನೆ ನಾ ಹನ್ನೊಂದು ವರ್ಷದಿಂದ ಕೇಳಾಕತ್ತೀನಿ. ಮೊದಲಿನ ಐದು ವರ್ಷ ಬ್ಯಾರೆಯವರು ಕೇಳೋದಕ್ಕಿಂತ ಹೆಚ್ಚು ನಾನ ಕೇಳೀನಿ. ಕೇಳಿದ್ದಷ್ಟ ಅಲ್ಲ, ಉತ್ತರನೂ ನಾನ ಕೊಟ್ಟೀನಿ, ಅದೂ ತಪ್ಪು ಉತ್ತರ. ಅದಕ್ಕ ಇವತ್ತು ಬರೀಲಿಕ್ಕೆ ಕುಂತೀನಿ.

ಆಕಿ ಕುಷ್ಟಗಿ ಕಡಿಯಾಕಿ. ನಮ್ಮ ಸಣ್ಣ ಮೈದುನಗ ತಂದಿದ್ದು. ಮದುವಿ ಮರುದಿನ ನಮ್ಮಲ್ಲಿ ಒಡಪು ಹೇಳಿಸೋ ಪದ್ಧತಿ ಐತೆಲ್ಲ, ಗಂಡನ ಹೆಸರನ್ನ ಸಾಲು ಕಟ್ಟಿ ಹೇಳಬೇಕು, ಹೇಳೂತನಕ ಬಾಗಲಾ ಬಿಡಾಂಗಿಲ್ಲ. ಪಡಸಾಲಿ ತುಂಬ ಹೆಣ್ಮಕ್ಕಳು ನಿಂತಿದ್ರು. "ಹೇಳವಾ, ಹೇಳವಾ" ಅಂತ ಗದ್ದಲ. ನನಗಂತೂ ನನ್ನ ಮದುವ್ಯಾಗ ಒಂದಲ್ಲ ನಾಕು ಒಡಪು ಹಾಕಿ ಮಂದಿನ್ನ ನಗಿಸಿದ್ದು ಇನ್ನೂ ನೆನಪೈತಿ. ಈಕಿ ತೆಲಿ ತಗ್ಗಿಸಿ ಐದು ಮಿನಿಟು ನಿಂತ್ಲು. ಆಮ್ಯಾಲೆ ಸಣ್ಣ ದನಿಲೆ ಬರೇ ಹೆಸರು ಹೇಳಿದ್ಲು. ಒಡಪು ಇಲ್ಲ, ಏನಿಲ್ಲ. ಯಾರೋ ಹಿಂದಿನಿಂದ "ಇದೇನ್ ಹಾಜರಿ ಪುಸ್ತಕಾನ?" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಎಲ್ಲಾರಿಗಿಂತ ಜೋರು ನಕ್ಕಾಕಿ ನಾನ.

ಅವತ್ತಿನಿಂದ ಆಕಿಗೆ ಹೆಸರು ಬಿದ್ವು. ಒಬ್ರು "ಮೂಗಿ" ಅಂದ್ರು. ಒಬ್ರು "ಗುಮ್ಮನಗುಸುಕಿ, ಒಳಗೊಳಗ ಏನೈತೋ" ಅಂದ್ರು. ಡಿಗ್ರಿ ಮುಗಿಸಿದಾಕಿ ಅಂತ ಗೊತ್ತಾದ ಮ್ಯಾಲೆ "ಕಲ್ತ ಸೊಕ್ಕು" ಅಂತಾತು. ಈ ಮೂರನೇ ಹೆಸರು ಹಬ್ಬಿಸಿದಾಕಿ ನಾನು.

ನನ್ನ ಲೆಕ್ಕದಾಗ ನನಗ ಕಾರಣ ಇದ್ವು. ಮಧ್ಯಾಹ್ನ ಊಟಾ ಆದ ಮ್ಯಾಲೆ ನಾನೂ ಅತ್ತಿಯವರೂ ಕಟ್ಟಿ ಮ್ಯಾಲೆ ಎಲಿ ಅಡಕಿ ಹಾಕ್ಕೊಂಡು ಮಾತಾಡ್ತಾ ಕುಂದರ್ತೀವಿ. ಈಕಿ ಪಾತ್ರಿ ತೊಳದಿಟ್ಟು ಸೀದಾ ಮಾಳಗಿ ಹತ್ತಿ ಹೋಗ್ತಿದ್ಲು. ಅರ್ಧಾ ತಾಸು ಒಬ್ಬಾಕಿನ. ಬೀಗರು ಬಂದ್ರ ನೀರು ಕೊಟ್ಟು, ಚಹಾ ಕೊಟ್ಟು, "ಆರಾಮರೀ?" ಅಂತ ಒಂದು ಮಾತು ಕೇಳಿ ಒಳಗ ಹೋಗಿಬಿಡ್ತಿದ್ಲು. ಮದುವಿ ಮನಿಗೆ ಹೋದ್ರ ಉಡಿ ತುಂಬೂ ಹೊತ್ತಿಗೆ ಹುಡುಕ್ಬೇಕು. ಎಲ್ಲೋ ಅಡಗಿ ಕ್ವಾಣ್ಯಾಗ ಉಳ್ಳಾಗಡ್ಡಿ ಹೆಚ್ಚೋರ ಜೊತಿ ಕುಂತಿರ್ತಿದ್ಲು. ನಾನು ಅತ್ತಿಯವರಿಗೆ ಹೇಳ್ದೆ, "ನೋಡ್ರಿ, ನಮ್ಮ ಜೊತಿ ಕುಂದ್ರೂದು ಆಕಿಗೆ ಹಗರ ಆಗ್ತೈತಿ." ಅತ್ತಿಯವರು ನಂಬಿದ್ರು. ಆಮ್ಯಾಲೆ ಕಾರ್ಯಕ್ಕ ಹೋಗುವಾಗ ಆಕಿನ್ನ "ಬರ್ತೀಯೇನವಾ" ಅಂತ ಕೇಳೋದ ಬಿಟ್ರು. ಅದರ ಸಲುವಾಗಿ ಅಣ್ಣ ತಮ್ಮನ ನಡುವ ಮಾತು ಬೆಳೀತು. ಒಂದಿನ ಮೈದುನ "ಬ್ಯಾರೆ ಮನಿ ಮಾಡ್ತೀನಿ" ಅಂತ ಅಂದೂ ಬಿಟ್ಟ. ಆವತ್ತೂ ನಾನು ನನ್ನ ತಪ್ಪೇನು ಅಂತ ಕೇಳ್ಕೊಳ್ಳಲಿಲ್ಲ. "ಒಂದು ಮಾತಾಡದ ಮನಿ ಒಡದ್ಲು ನೋಡು" ಅಂತ ನಮ್ಮವ್ವಗ ಫೋನ್ ಮಾಡಿ ಹೇಳ್ದೆ.

ಆಕಿ ಚೊಚ್ಚಲ ಹೆರಿಗಿಗೆ ತವರಿಗೆ ಹೋದಾಗ ಆರು ತಿಂಗಳು ನಾ ಒಂದ ಒಂದು ಫೋನ್ ಮಾಡಲಿಲ್ಲ. ಆಕಿ ಮಾಡಿಲ್ಲಲ್ಲ, ನಾ ಯಾಕ ಮಾಡ್ಲಿ ಅನ್ನೋದು ನನ್ನ ಹಟ.

ಇನ್ನೊಂದು ಸಂಗತಿ ಹೇಳ್ತೀನಿ. ಇದು ನನ್ನ ತಂಗಿದು, ನಮ್ಮ ಕಾಕಾನ ಮಗಳದು. ಆಕಿನ್ನ ಕೇಳೇ ಬರಿಯಾಕತ್ತೀನಿ. "ಬರಿ ಅಕ್ಕಾ, ಯಾರಿಗರ ಉಪಯೋಗ ಆಗಲಿ" ಅಂದಾಳ.

ನಮ್ಮ ತವರು ಯಲಬುರ್ಗಾ ಕಡಿ. ಈ ತಂಗಿ ಅಂದ್ರ ಮಾತಿನ ಮಲ್ಲಿ. ಆಕಿ ಇದ್ದ ಮನ್ಯಾಗ ರೇಡಿಯೋ ಬ್ಯಾಡ. ಗಂಗಾವತಿ ಕಡಿ ಒಂದು ಊರಿಗೆ ಕೊಟ್ಟಿದ್ವಿ, ಗದ್ದಿ ಇದ್ದ ಮನಿ. ಎರಡನೇ ಹೆರಿಗಿಗೆ ತವರಿಗೆ ಬಂದಿದ್ಲು. ಕೂಸಿನ್ನ ತೊಟ್ಟಿಲಿಗೆ ಹಾಕೋ ಕಾರ್ಯಕ್ಕ ನಾನೂ ನೆಗೆಣ್ಣಿನೂ ಹೋದ್ವಿ. ಅತ್ತಿಯವರಿಗೆ ಮೊಣಕಾಲು ನೋವು, "ನೀವಿಬ್ರ ಹೋಗಿ ಬರ್ರಿ" ಅಂದಿದ್ರು, ಇಲ್ಲಂದ್ರ ಆಕಿನ್ನ ಕರಕೊಂಡು ಹೋಗಾಕಿ ನಾನಲ್ಲ.

ಅಲ್ಲಿ ಎಲ್ಲಾರ ಬಾಯಾಗ ಒಂದ ಮಾತು. "ಎಷ್ಟು ಶಾಣ್ಯಾ ಆಗ್ಯಾಳ ನೋಡ್ರಿ ಈಗ. ಮೊದಲಿನಂಗ ಬಡಬಡ ಇಲ್ಲ. ಎರಡು ಮಕ್ಕಳ ತಾಯಿ ಆದ ಮ್ಯಾಲೆ ಗಂಭೀರ ಬಂತು." ನಮ್ಮ ಚಿಗವ್ವಗೂ ಹೆಮ್ಮಿ. ನನಗೂ ಚಲೋ ಅನ್ನಿಸ್ತು. ತಂಗಿ ಹೊಸಾ ಸೀರಿ ಉಟ್ಟು, ತೆಲಿಗೆ ಅರಿವಿ ಕಟಗೊಂಡು, ಕೇಳಿದ್ದಕ್ಕ "ಹೂಂ" ಅಂತ ಕುಂತಿದ್ಲು.

ಸಂಜಿ ಬಸ್ಸಿಗೆ ವಾಪಸ್ ಬಂದ್ವಿ. ಕುಕನೂರು ದಾಟೂತನಕ ಎಂದಿನಂಗ ನಾ ಒಬ್ಬಾಕಿನ ಮಾತಾಡಿದೆ. ಆಮ್ಯಾಲೆ ನೆಗೆಣ್ಣಿ ತಾನಾಗಿ ಬಾಯಿ ಬಿಟ್ಲು.

"ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ತಂಗಿ ಸುಮ್ಕಿರೋದು ನಾ ಸುಮ್ಕಿರೋದರಂಗ ಇಲ್ಲ."

"ಅಂದ್ರ?"

"ಕೂಸು ಎರಡು ಸಲ ಅತ್ತಾಗ ಆಕಿ ಕೂಸಿನ ಕಡಿ ನೋಡಲಿಲ್ರೀ, ಗ್ವಾಡಿ ನೋಡಾಕತ್ತಿದ್ಲು. ಕೈಯಾಗ ಕೊಟ್ಟ ಚಹಾ ಹಂಗ ಆರಿ ಹೋತು. ನಾ ಸುಮ್ಕಿದ್ದಾಗ ಒಳಗ ಭಾಳ ಮಾತು ಇರ್ತಾವ್ರೀ. ಆಕಿ ಒಳಗ ಏನೂ ಇದ್ದಂಗ ಕಾಣಲಿಲ್ಲ. ಯಾರರ ಆಕಿ ಹತ್ತಿರ ಒಬ್ರ ಕುಂತು ಕೇಳ್ರಿ."

ನಿಜ ಹೇಳ್ತೀನಿ, ನನಗ ಸಿಟ್ಟು ಬಂತು. ವರ್ಷಕ್ಕ ನಾಕು ಮಾತಾಡಾಕಿ, ಐದನೇ ಮಾತು ನಮ್ಮ ತಂಗಿ ಬಗ್ಗೆನ ಆಡಬೇಕಾ? ಉತ್ತರ ಕೊಡದ ಕಿಟಕಿ ಕಡಿ ಮಾರಿ ತಿರುವಿದೆ. ಆದ್ರ ರಾತ್ರಿ ನಿದ್ದಿ ಬರಲಿಲ್ಲ. ಆರಿದ ಚಹಾ ನಾನೂ ನೋಡಿದ್ದೆ. ನೋಡಿ, ಆ ಕಪ್ಪು ಎತ್ತಿ ಒಳಗ ಇಟ್ಟು ಬಂದಾಕಿ ನಾನ.

ಮರುದಿನ ಚಿಗವ್ವಗ ಫೋನ್ ಮಾಡಿದ್ರ "ಬಾಣಂತಿ, ದಣದಾಳ, ಏನಿಲ್ಲ ಬಿಡು" ಅಂದ್ಲು. ಮನಸ್ಸು ಕೇಳಲಿಲ್ಲ. ಎರಡು ದಿನ ಬಿಟ್ಟು ಒಬ್ಬಾಕಿನ ಹೋದೆ. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಬಾಣಂತಿ ಕ್ವಾಣ್ಯಾಗ ಆಕಿ ಬಾಜೂಕ ಕುಂತೆ. ನನಗ ಭಾಳ ಕಷ್ಟದ ಕೆಲಸ, ಆದ್ರೂ ಏನೂ ಮಾತಾಡದ ಕುಂತೆ. ಎಷ್ಟೋ ಹೊತ್ತಾದ ಮ್ಯಾಲೆ ಆಕಿ ಅಂದ್ಲು: "ಅಕ್ಕಾ, ಈ ಕೂಸು ನಂದು ಅಂತ ಅನ್ನಿಸವಲ್ದು. ನಾ ಇಲ್ದಿದ್ರ ಎಲ್ಲಾರಿಗೂ ಚಲೋ ಆಗ್ತಿತ್ತು."

ಅವತ್ತ ಸಂಜಿ ಕಾಕಾನ್ನ ಕರಕೊಂಡು ದವಾಖಾನಿಗೆ ಹೋದ್ವಿ. ಬಾಣಂತಿಯರಿಗೆ ಬರೋ ಖಿನ್ನತೆ ಅಂತ ಡಾಕ್ಟರ್ ಹೇಳಿದ್ರು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು, ಮನಸ್ಸು ಸಣ್ಣದಾಗುವುದು ಬಹಳ ಜನರಿಗೆ ಆಗುತ್ತದೆ, ಅದು ತಾನಾಗಿಯೇ ಹೋಗುತ್ತದೆ; ಎರಡು ವಾರ ದಾಟಿದರೂ ಹೋಗದಿದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ, ಎದೆಹಾಲು ಕುಡಿಸುವ ತಾಯಿಗೆ ಹೊಂದುವ ಔಷಧಿಗಳೂ ಇವೆ ಅಂತ ತಿಳಿಸಿ ಹೇಳಿದ್ರು. ಗಾಳಿ ಅಲ್ಲ, ದೆವ್ವ ಅಲ್ಲ, ಯಾರ ದೃಷ್ಟಿನೂ ಅಲ್ಲ. ತಿಂಗಳುಗಟ್ಟಲೆ ಹಿಡೀತು. ಈಗ ಆರಾಮದಾಳ. ಈಗ ಮತ್ತ ಆಕಿ ಇದ್ದ ಮನ್ಯಾಗ ರೇಡಿಯೋ ಬ್ಯಾಡ.

ನನಗ ಗುದ್ದಿದ ಮಾತು ಇದು: ಒಬ್ಬಾಕಿ ಹುಟ್ಟಿದಾಗಿಂದ ಮಾತು ಕಡಿಮಿ. ಆಕಿಗೆ "ಸೊಕ್ಕು" ಅಂದ್ವಿ. ಇನ್ನೊಬ್ಬಾಕಿ ಮಾತಿನಾಕಿ, ಇದ್ದಕ್ಕಿದ್ದಂಗ ಬಾಯಿ ಕಟ್ತು. ಆಕಿಗೆ "ಶಾಣ್ಯಾ ಆದ್ಲು" ಅಂದ್ವಿ. ಎರಡೂ ಕಡಿ ತಪ್ಪು. ಆರಾಮ ಇದ್ದಾಕಿನ್ನ ಬೈದ್ವಿ, ಒಳಗ ಬೇಯಾಕತ್ತಿದ್ದಾಕಿನ್ನ ಹೊಗಳಿದ್ವಿ.

ಅದಾದ ಮ್ಯಾಲೆ ಒಂದಿನ ನಾನೂ ಮಾಳಗಿ ಹತ್ತಿದೆ. ನೆಗೆಣ್ಣಿ ಹಪ್ಪಳದ ಚಾಪಿ ಬಾಜೂಕ ಕುಂತಿದ್ಲು. "ಇಲ್ಲೆ ಏನ್ ಮಾಡ್ತೀವಾ ದಿನಾ?" ಅಂತ ಕೇಳಿದೆ, ಮೊದಲನೇ ಸಲ, ಜಗಳದ ದನಿ ಇಲ್ಲದ.

"ಏನಿಲ್ರೀ ಅಕ್ಕಾರ, ಸುಮ್ನ. ಮಂದಿ ಮ್ಯಾಲೆ ಸಿಟ್ಟಲ್ರೀ. ದಣಿವು. ನೀವು ಮಂದ್ಯಾಗ ಕುಂತ್ರ ಕಳಿ ಬರ್ತೈತಿ ನಿಮಗ. ನನಗ ಮಂದ್ಯಾಗ ಇದ್ದು ಬಂದ್ರ ಹೊಲಕ್ಕ ಹೋಗಿ ಬಂದಂಗ ಆಗ್ತೈತಿ." ಸ್ವಲ್ಪ ತಡದು ಮತ್ತಂದ್ಲು: "ನಿಮ್ಮ ತಂಗಿ ಊರು ಗಂಗಾವತಿ ಕಡಿ ಕಾಲುವಿ ಐತ್ರೀ, ನೀರು ಹರೀತಾನ ಇರ್ತೈತಿ. ನಮ್ಮ ಕುಷ್ಟಗಿ ಕಡಿ ಬಾವಿ. ನಾಕು ಕೊಡ ಸೇದಿದ್ರ ತಳ ಕಾಣ್ತೈತಿ. ಸೆಲಿ ಮತ್ತ ಕೂಡೂತನಕ ಕಾಯಬೇಕು. ನಾ ಹಂಗ್ರೀ."

ನಾನು ನಕ್ಕೆ. ಈ ಸಲ ಆಕಿನೂ ನಕ್ಲು. ಆಮ್ಯಾಲೆ ಒಡಪಿನ ಮಾತು ಬಂತು. ಮದುವಿಗೆ ಮೊದಲು ತಿಂಗಳುಗಟ್ಟಲೆ ಎರಡು ಒಡಪು ಬಾಯಿಪಾಠ ಮಾಡಿದ್ಲಂತ. ಅಷ್ಟು ಮಂದಿ ಒಮ್ಮೆಲೇ ಕೂಗಿದ್ದಕ್ಕ ಒಂದಕ್ಷರ ನೆನಪಾಗಲಿಲ್ಲಂತ. ರಾತ್ರಿ ಎಲ್ಲಾ ನೆನಪಾತಂತ. "ಯಾರಿಗೆ ಹೇಳ್ಲಿರೀ ರಾತ್ರಿ?" ಅಂದ್ಲು.

ಪಿ.ಯು.ಸಿ. ಓದೋ ನನ್ನ ಮಗಳಿಗೆ ಇದನ್ನ ಹೇಳಿದಾಗ ಆಕಿ ಪುಸ್ತಕ ಹುಡುಕಿ ಓದಿ ಹೇಳಿದ್ಲು. ಇಂಥವರನ್ನು ಅಂತರ್ಮುಖಿಗಳು ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕದಿಂದ ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆ ಜಗತ್ತಿನ ತುಂಬ ಬಳಕೆಗೆ ಬಂತು. ಒಬ್ಬರ ಮನಸ್ಸು ಹೊರಗಿನ ಮಂದಿ, ಗದ್ದಲದ ಕಡೆ ಹರಿಯುತ್ತದೆ, ಇನ್ನೊಬ್ಬರದು ಒಳಗೆ ತಿರುಗುತ್ತದೆ. ಪೂರಾ ಆ ಕಡೆ, ಪೂರಾ ಈ ಕಡೆ ಇರುವವರು ಕಡಿಮೆ. ನಾವೆಲ್ಲ ನಡುವೆ ಎಲ್ಲೋ ಇರುತ್ತೇವೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಹ್ಯಾನ್ಸ್ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದಕ್ಕೊಂದು ಕಾರಣ ಹೇಳಿದರು: ಅಂತರ್ಮುಖಿಗಳ ಮೆದುಳು ಬೇಗ ಎಚ್ಚರಗೊಳ್ಳುತ್ತದೆ, ಸ್ವಲ್ಪ ಸದ್ದಿಗೇ ತುಂಬಿಹೋಗುತ್ತದೆ. ನಾಲಿಗೆ ಮೇಲೆ ನಿಂಬೆರಸದ ಹನಿ ಹಾಕಿ ನೋಡಿದಾಗ ಅಂತರ್ಮುಖಿಗಳ ಬಾಯಲ್ಲಿ ಸರಾಸರಿ ಹೆಚ್ಚು ನೀರೂರಿತಂತೆ. ಇದನ್ನ ಕೇಳಿ ಅತ್ತಿಯವರು ನಿಂಬಿಹಣ್ಣು ತಂದು ಮನಿಮಂದಿಗೆಲ್ಲಾ ಪರೀಕ್ಷಾ ಮಾಡಾಕ ಹೊಂಟಿದ್ರು, ಅದು ಬ್ಯಾರೆ ಕತಿ.

ಮಗಳು ಇನ್ನೊಂದು ಮಾತು ಹೇಳಿದ್ಲು, ಅದು ನಾವೆಲ್ಲಾ ನೆನಪಿಡೋವಂಥಾದ್ದು. ಸುಮ್ಮನಿರೋರೆಲ್ಲಾ ಒಂದ ಥರ ಅಲ್ಲ. ಅಂತರ್ಮುಖಿಗೆ ಮಂದಿ ಅಂದ್ರ ಹೆದರಿಕಿ ಇಲ್ಲ, ಮಂದಿ ಹೆಚ್ಚಾದ್ರ ದಣಿವು. ಬೇಕಾದವರು ಒಬ್ರಿಬ್ರು ಇದ್ರ ಚೊಲೋತ್ನಂಗ ಮಾತಾಡ್ತಾರ. ನಾಚಿಕಿ ಇದ್ದವರಿಗೆ ಮಾತಾಡೋ ಆಸೆ ಇರ್ತೈತಿ, ಏನಂತಾರೋ ಅನ್ನೋ ಅಂಜಿಕಿ ತಡೀತೈತಿ. ಧೈರ್ಯ ಕೊಟ್ರ ಹಗೂರಕ ಬಿಡಿಸ್ಕೋತಾರ. ನಮ್ಮ ನೆಗೆಣ್ಣಿಗೆ ಒಡಪಿನ ದಿನ ಎರಡೂ ಕೂಡಿ ಬಂದಿದ್ವು ಅಂತ ಕಾಣ್ತೈತಿ. ಮೂರನೇದು, ಮೊದಲು ಮಾತಾಡ್ತಿದ್ದಾಕಿ ಈಗ ಮಾತಾಡವಲ್ಲಳು, ಉಣ್ಣವಲ್ಲಳು, ಮಲಗವಲ್ಲಳು, ಯಾವುದರಾಗೂ ಖುಷಿ ಇಲ್ಲ. ಅದು ಸ್ವಭಾವ ಅಲ್ಲ, ಅದು ಕರೆ. ಆಕಿ ಹತ್ತಿರ ಹೋಗಬೇಕು. ದವಾಖಾನಿಗೆ ಹೋಗಾಕ ಹಿಂಜರಿಕಿ ಇದ್ರ ಟೆಲಿ ಮಾನಸ್ ಅನ್ನೋ ಸರ್ಕಾರದ ಫೋನ್ ಐತಿ, 14416. ರೊಕ್ಕ ಇಲ್ಲ, ಹಗಲೂ ರಾತ್ರಿ ಇರ್ತೈತಿ, ಕನ್ನಡದಾಗೂ ಮಾತಾಡ್ತಾರ. ಜೀವ ಬ್ಯಾಡ ಅನ್ನೋ ಮಾತು ಬಾಯಾಗ ಬಂತಂದ್ರ ನಾಳೆ ಅನ್ನಬಾರದು, ಅವತ್ತ ಕರಕೊಂಡು ಹೋಗ್ಬೇಕು.

ಈಗ ನಮ್ಮ ನಮ್ಮ ಮನಿ ಕಡಿ ಸ್ವಲ್ಪ ನೋಡ್ಕೊಳ್ಳೂಣು. ಹೆಣ್ಣು ನೋಡಾಕ ಹೋದಾಗ ನಾವು ಏನ್ ಕೇಳ್ತೀವಿ? "ಹುಡುಗಿ ಸಾದಾ ಇರ್ಬೇಕ್ರಿ, ಮಾತು ಕಡಿಮಿ ಇರ್ಬೇಕು." ಅಂಥಾಕಿನ್ನ ಹುಡುಕಿ ಹುಡುಕಿ ತರ್ತೀವಿ. ತಂದ ಮ್ಯಾಲೆ "ಮಾತಾಡಾಂಗಿಲ್ಲ, ಸೊಕ್ಕು" ಅಂತೀವಿ. ಮಠದಾಗ ಅಜ್ಜಾರು ಮೌನಾನುಷ್ಠಾನ ಕುಂತ್ರ ಕಾಯಿ ಹಿಡಕೊಂಡು ಸಾಲು ಹಚ್ಚಿ ಕಾಲು ಬೀಳ್ತೀವಿ. ಮನ್ಯಾಗ ಸೊಸಿ ಅರ್ಧಾ ತಾಸು ಸುಮ್ನ ಕುಂತ್ರ ಮಾರಿ ಗಂಟು ಹಾಕ್ಕೋತೀವಿ. ಗಂಡಸು ಸುಮ್ನಿದ್ರ "ತೂಕದ ಮನಷ್ಯಾ", ಹೆಣ್ಣು ಸುಮ್ನಿದ್ರ "ಗುಮ್ಮನಗುಸುಕಿ". ಸಣ್ಣ ಹುಡುಗ್ರನ್ನ ಬೀಗರ ಮುಂದ ನಿಲ್ಲಿಸಿ "ಹಾಡು ಹೇಳು, ಏನ್ ಇದಕ್ಕ ಬಾಯಿನ ಇಲ್ರೀ" ಅಂತೀವಲ್ಲ, ಆ ಮಾತು ಆ ಕೂಸಿನ ಕಿವ್ಯಾಗ ಎಷ್ಟು ವರ್ಷ ಉಳೀತೈತೋ ಏನೋ.

ಇನ್ನೊಂದು ಮಾತು ನನಗ ನಾನ ಹೇಳ್ಕೊಳ್ಳೋದು. ಈಗ ನಮ್ಮ ಮಂದಿ ನೆಗೆಣ್ಣಿನ್ನ ಹೊಗಳ್ತಾರ: "ಮಾತು ಕಡಿಮಿ ಆದ್ರ ಏನಾತು, ಕೆಲಸದಾಗ ಬಿರುಸು. ಅವತ್ತ ಆಕಿ ಹೇಳಿದ್ದಕ್ಕ ನಿಮ್ಮ ತಂಗಿ ಜೀವ ಉಳೀತು." ಖರೇನ. ಆದ್ರ ನನಗ ಇದು ಪೂರಾ ಒಪ್ಪಾಂಗಿಲ್ಲ. ಆಕಿ ಅವತ್ತ ಏನೂ ಹೇಳ್ದಿದ್ರೂ, ರೊಟ್ಟಿ ಬಡಿಯಾಕ ಬರದಿದ್ರೂ, ಸುಮ್ನಿರೋದು ಆಕಿ ತಪ್ಪಾಗ್ತಿರಲಿಲ್ಲ. ನಾ ಮಾತಾಡೋದಕ್ಕ ನನಗ ಯಾರೂ ಲೆಕ್ಕ ಕೇಳಿಲ್ಲ. ಆಕಿ ಮೌನಕ್ಕ ಆಕಿ ಯಾಕ ಬೆಲಿ ತೆರಬೇಕು?

ನಮ್ಮ ಮನ್ಯಾಗ ದೊಡ್ಡ ಬದಲಾವಣಿ ಏನಿಲ್ಲ, ಸಣ್ಣಸಣ್ಣವು ಐತಿ. ಕಾರ್ಯಕ್ಕ ಹೋಗೋದಿದ್ರ ಎರಡು ದಿನ ಮೊದಲ ಹೇಳ್ತೀವಿ, ಹೊತ್ತಿಗೆ ಸರಿ "ನಡಿ ನಡಿ" ಅನ್ನಾಂಗಿಲ್ಲ. ಮಂದ್ಯಾಗ ಆಕಿನ್ನ ಎದ್ದು ನಿಲ್ಲಿಸಿ ಮಾತಾಡು ಅನ್ನಾಂಗಿಲ್ಲ. ಕೇಳಿದ್ದಕ್ಕ ಆಕಿ ಉತ್ತರ ಕೊಡೂತನಕ ಕಾಯ್ತೀವಿ. ಮೊದಲು ನಾನ ಆಕಿ ಬದಲಿ ಉತ್ತರ ಕೊಡ್ತಿದ್ದೆ. ಮಧ್ಯಾಹ್ನದ ಅರ್ಧಾ ತಾಸು ಆಕಿದು, ಮಕ್ಕಳೂ ಮಾಳಗಿ ಹತ್ತಾಂಗಿಲ್ಲ. ಆಕಿನೂ ಒಂದು ಕಲ್ತಾಳ. "ನಂದೂ ತಪ್ಪಿತ್ರೀ ಅಕ್ಕಾರ, ಎದ್ದು ಹೋಗೋ ಮುಂದ ಒಂದು ಮಾತು ಹೇಳಿದ್ರ ನೀವು ಹಂಗ ತಿಳ್ಕೋತಿರಲಿಲ್ಲ" ಅಂದಿದ್ಲು. ಈಗ "ಬಾವಿ ತುಂಬಿಸ್ಕೊಂಡು ಬರ್ತೀನ್ರೀ" ಅಂತ ಹೇಳಿ ಮ್ಯಾಲೆ ಹೋಗ್ತಾಳ. ಅತ್ತಿಯವರಿಗೂ ಈ ಮಾತು ಅರ್ಥ ಆಗ್ತೈತಿ. ಮೈದುನ ಬ್ಯಾರೆ ಮನಿ ಮಾತು ಮತ್ತ ಎತ್ತಿಲ್ಲ.

ಒಂದು ಮಾತ್ರ ಬಾಕಿ ಐತಿ. ಹನ್ನೊಂದು ವರ್ಷ ಊರಿಗೆಲ್ಲಾ ಆಕಿ ಸುದ್ದಿ ಮಾತಾಡಿದ ನಾನು, "ತಪ್ಪಾತವಾ ತಂಗಿ" ಅನ್ನೋ ಒಂದು ಮಾತು ಆಕಿಗೆ ಇನ್ನೂ ಹೇಳಿಲ್ಲ. ಎಷ್ಟೋ ಸಲ ಬಾಯಿತನಕ ಬಂದೈತಿ, ಹೊಳ್ಳಿ ಹೋಗೈತಿ. ಮಾತಿನಾಕಿಗೂ ಬಾಯಿ ಕಟ್ತೈತಿ ಅನ್ನೋದು ಆವಾಗ ಗೊತ್ತಾತು. ಆಕಿ ಓದ್ತಾಳ, ಎಲ್ಲಾ ಓದ್ತಾಳ. ಅದಕ್ಕ ಇಲ್ಲೆ ಬರದೀನಿ. ತಪ್ಪಾತವಾ.

ಅವತ್ತು ರೊಟ್ಟಿ ಬಡಿಯುವಾಗ ಕೇಳಿದಾಕಿಗೆ ನಾ ಇಷ್ಟ ಹೇಳಿದ್ದು: "ಸಿಟ್ಟಲ್ಲ ತಂಗಿ, ಆಕಿ ಹಂಗ ಅದಾಳ. ನಿನಗ ಆಕಿ ಜೊತಿ ಮಾತಾಡೂದಿದ್ರ ಹೋಗಿ ಬಾಜೂಕ ಕುಂತು ನೀನೂ ನಾಕು ರೊಟ್ಟಿ ಬೇಯಿಸು." ಆಕಿ ಹೋಗಿ ಕುಂತ್ಲು. ಅರ್ಧಾ ತಾಸಿನ ಮ್ಯಾಲೆ ತಿರುಗಿ ನೋಡಿದ್ರ ಇಬ್ರೂ ಏನೋ ಸಣ್ಣ ದನಿಲೆ ಮಾತಾಡಾಕತ್ತಿದ್ರು. ಏನಂತ ನನಗ ಕೇಳಿಸಲಿಲ್ಲ. ಕೇಳಾಕೂ ಹೋಗಲಿಲ್ಲ.